ಒಂದು ಪಟ್ಟಿಗೆ ಎರಡು ಉತ್ತರ

ಸಮಾರಂಭಕ್ಕೆ ಇನ್ನು ಮೂರೇ ದಿನವಿದೆ ಎನ್ನುವಾಗ, ಸನ್ಮಾನ ಮಾಡಲು ನಮ್ಮಲ್ಲಿ ಒಬ್ಬ ಯೋಧನೂ ಉಳಿದಿಲ್ಲ ಎಂಬುದು ಸೋದರತ್ತೆಗೆ ಹೊಳೆಯಿತು.

"ಒಬ್ಬನೂ ಇಲ್ವಾ?" ಎಂದರು, ಡಬ್ಬಿಯಲ್ಲಿ ಸಕ್ಕರೆ ಮುಗಿದದ್ದಕ್ಕೆ ನನ್ನನ್ನು ಹೊಣೆ ಮಾಡುವ ದನಿಯಲ್ಲಿ.

"ಡ್ರೈವರ್ ತಾತ ಚಳಿಗಾಲದಲ್ಲಿ ಹೋದ್ರಲ್ಲ ಅತ್ತೆ. ಅವರೇ ಕೊನೆಯವರು. ನೀವೇ ಅವರ ಪಟ್ಟಿ ತಿರುಗಿಸಿದ್ರಿ."

"ತಿರುಗಿಸಿದ್ದು ನೆನಪಿದೆ. ಅವನೇ ಕೊನೆಯವನು ಅಂತ ಯಾರು ಹೇಳಿದ್ರು ನನಗೆ?"

ಯಾರೂ ಹೇಳಿರಲಿಲ್ಲ. ಎದುರಿಗೇ ಇರುವ ಹಲಗೆಯನ್ನು ಓದಿ ಹೇಳಬೇಕಾದ ಗತಿ ಬಂದೀತೆಂದು ಯಾರಿಗೆ ಗೊತ್ತಿತ್ತು?

ನಮ್ಮ ಮನೆಗೆ ನೂರ ನಲವತ್ತು ವರ್ಷ. ಮುಂದಿನ ಹದಿನಾಲ್ಕು ಕೋಣೆ ನೋಡಲು ಬರುವವರಿಗೆ, ಹಿಂದಿನ ಐದು ನಮಗೆ. ವಾರಕ್ಕೆ ಆರು ದಿನ ಅಪರಿಚಿತರನ್ನು ಕರೆದುಕೊಂಡು ಹೋಗಿ ಮುತ್ತಜ್ಜನ ಮಂಚ, ಮುತ್ತಜ್ಜನ ಬೂಟು, ಮುತ್ತಜ್ಜನ ಕ್ಷೌರದ ಕತ್ತಿ ತೋರಿಸುವುದು ನನ್ನ ಕೆಲಸ. ಪಾರಂಪರಿಕ ಕಟ್ಟಡಗಳ ಇಲಾಖೆಯವರು ಬಂದು ಎಲ್ಲಕ್ಕೂ ಒಂದೊಂದು ನಂಬರು ಅಂಟಿಸಿ ಹೋಗಿದ್ದಾರೆ. ಮಂಚಕ್ಕೆ ಮೂರು, ಬೂಟಿಗೆ ಒಂಬತ್ತು. ಒಂದು ಮೊಳೆ ಹೊಡೆಯಬೇಕಾದರೂ ಅರ್ಜಿ ಹಾಕಬೇಕು. ಉತ್ತರ ಬರುವಷ್ಟರಲ್ಲಿ ಮೊಳೆಗೆ ತುಕ್ಕು ಹಿಡಿದಿರುತ್ತದೆ.

ಹಜಾರದ ಗೋಡೆಯ ಮೇಲಿನ ಹಲಗೆಗೆ ನಂಬರು ಇಪ್ಪತ್ತೆರಡು. ಈ ಎಸ್ಟೇಟಿನಿಂದ ಯುದ್ಧಗಳಿಗೆ ಹೋದವರ ಹಲಗೆ ಅದು. ಎಡಗಡೆ ಮೇಲೆ 'ಬಂದವರು' ಎಂದಿದೆ, ಬಲಗಡೆ 'ಬಾರದವರು'. ಒಂದೊಂದು ಹೆಸರಿಗೂ ಒಂದೊಂದು ಮರದ ಪಟ್ಟಿ. ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸರಿಯುವ ಹಾಗೆ ಕೂರಿಸಿದ್ದು. ಹೆಸರು ಎಂದೆನಲ್ಲ, ಅದು ಸುಳ್ಳು. ಮುತ್ತಜ್ಜ ಆಳುಗಳನ್ನು ಹೆಸರು ಹಿಡಿದು ಕರೆದವರಲ್ಲ. ಪಟ್ಟಿಗಳ ಮೇಲೆ ಇರುವುದೂ ಕೆಲಸಗಳೇ. ಲಾಯದ ಎರಡನೆಯವನು. ತೋಟದವನ ಅಳಿಯ. ಬಟ್ಟೆ ಒಗೆಯುವವಳ ಮಗ. ಬಡಗಿಯ ಮಗ. ಒಂದು ಕೆಲಸಕ್ಕೆ ಒಂದೇ ಪಟ್ಟಿ ಎಂಬುದು ಅವರ ನಿಯಮ. ನೋಡಲು ಬಂದವರಿಗೆ ಇದನ್ನು ನಾನು 'ಆ ಕಾಲದ ಸರಳತೆ' ಎಂದು ವಿವರಿಸುತ್ತೇನೆ. ಹಾಗೆ ಬರೆದುಕೊಟ್ಟವರು ಅತ್ತೆ.

ವರ್ಷಕ್ಕೊಮ್ಮೆ ಆ ಹಲಗೆಯ ಮುಂದೆ ಹಾಜರಿ. ಮನೆಯ ಹಿರಿಯರು ಒಂದೊಂದೇ ಪಟ್ಟಿ ಓದುತ್ತಾರೆ. ಎಡಗಡೆಯವರು 'ಬಂದಿದ್ದೇನೆ' ಎಂದು ತಾವೇ ಹೇಳಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾರೆ. ಬಲಗಡೆಯವರ ಪರವಾಗಿ ನಮ್ಮ ಮನೆಯವರೊಬ್ಬರು 'ಬಂದಿಲ್ಲ' ಎನ್ನುತ್ತಾರೆ. ಹಾಜರಿ ಮುಗಿಯುವ ತನಕ ಬೇರೆ ಯಾರೂ ಕೂರುವಂತಿಲ್ಲ. ನಡುವೆ ತಪ್ಪಾದರೆ ಮತ್ತೆ ಮೊದಲಿಂದ. ಬಂದವರು ಮುಂದೆ ಎಂದಾದರೂ ತೀರಿಕೊಂಡರೆ ಅವರ ಪಟ್ಟಿಯನ್ನು ಎಳೆದು, ತಿರುಗಿಸಿ, ಬರಿಮೈ ಕಾಣುವ ಹಾಗೆ ಮತ್ತೆ ಕೂರಿಸುತ್ತಾರೆ. ಈಗ ಎಡಗಡೆಯ ಒಂಬತ್ತು ಪಟ್ಟಿಯೂ ಬೋಳು.

"ಬಾಡಿಗೆಗೆ ತರಿಸೋಣ ಅಕ್ಕ," ಎಂದರು ಚಿಕ್ಕಪ್ಪ, ಪೇಪರಿನಿಂದ ತಲೆ ಎತ್ತದೆ. ಪ್ರತಿವರ್ಷ 'ಬಂದಿಲ್ಲ' ಎನ್ನುವ ಕೆಲಸ ಅವರದು, ಅದೊಂದೇ ಕೆಲಸ. "ಮೈಕು, ಕಾರ್ಪೆಟ್ಟು, ಯೋಧರು. ಎಲ್ಲ ಒಂದೇ ಗಾಡೀಲಿ ಬರ್ತವೆ."

ಚಿಕ್ಕಪ್ಪ ಹೇಳಿದ್ದು ತಮಾಷೆಗೆ. ಅತ್ತೆ ಆ ಕ್ಷಣವೇ ಫೋನ್ ಎತ್ತಿದರು. ಅರ್ಧ ಗಂಟೆಯಲ್ಲಿ ಮಾಜಿ ಸೈನಿಕರ ಸಂಘದ ಅಧ್ಯಕ್ಷರು, ಒಬ್ಬ ನಿವೃತ್ತ ಕರ್ನಲ್, ತಾವೇ ಬಂದು ನಮ್ಮ ಕುರ್ಚಿಯಲ್ಲಿ ಕೂರುವುದಾಗಿ ಒಪ್ಪಿಯಾಗಿತ್ತು. ಅವರು ಈ ಎಸ್ಟೇಟನ್ನು ಒಮ್ಮೆಯೂ ನೋಡಿದವರಲ್ಲ. ದಾರಿ ಹೇಗೆಂದು ಎರಡು ಸಲ ಕೇಳಿದರಂತೆ.

"ಅತ್ತೆ, ನಮ್ಮ ಬಡಗಿ ಮೇಸ್ತ್ರಿ ಇದಾರಲ್ಲ," ಎಂದೆ.

"ಅವನಿಗೆ ಹೇಳಿದ್ದೀನಿ. ಕರ್ನಲ್ ಕೂರೋ ಕುರ್ಚಿ ಕಾಲು ಅಲ್ಲಾಡ್ತಿದೆ, ಸರಿಮಾಡು ಅಂತ."

"ಅದಲ್ಲ. ಅವರೂ ಯುದ್ಧಕ್ಕೆ ಹೋಗಿದ್ದೋರೇ ಅಲ್ವಾ?"

ಅತ್ತೆ ನನ್ನನ್ನು ನೋಡಿದರು. "ಹಲಗೇಲಿ ಏನಿದೆ ನೋಡು ಪುಟ್ಟಿ. ಬಡಗಿಯ ಮಗ, ಬಲಗಡೆ. ಬಾರದವರು."

"ಬಂದು ನಿಮ್ಮ ಕುರ್ಚಿ ರಿಪೇರಿ ಮಾಡ್ತಿದಾರೆ!"

"ಕೂಗಬೇಡ. ಮೇಲೆ ಪ್ರವಾಸಿಗಳಿದಾರೆ."

ಮೇಸ್ತ್ರಿ ಹಳೆಯ ಲಾಯದಲ್ಲಿ ಕೆಲಸ ಮಾಡುತ್ತಾರೆ. ಎಪ್ಪತ್ಮೂರು ವರ್ಷ. ಅವರ ಅಪ್ಪನೂ ಇಲ್ಲಿಯ ಬಡಗಿಯೇ. ಚಿಕ್ಕಂದಿನಲ್ಲಿ ಮರದ ಹೊಟ್ಟಿನ ರಾಶಿಯ ಮೇಲೆ ನನ್ನನ್ನು ಕೂರಿಸಿ, ಹತ್ರಿಯಿಂದ ಮರ ಹೆರೆಯುವಾಗ ಬರುವ ಸುರುಳಿಗಳನ್ನು ಕಿವಿಗೆ ಸಿಕ್ಕಿಸುತ್ತಿದ್ದರು. ಎಡಗೈಯಲ್ಲಿ ಎರಡು ಬೆರಳಿಲ್ಲ. ಗರಗಸಕ್ಕೆ ಸಿಕ್ಕಿತೇ ಎಂದು ನೋಡಲು ಬಂದವರು ಕೇಳಿದರೆ ಹೂಂ ಎನ್ನುತ್ತಾರೆ. ಅವು ಹೋದದ್ದು ಗಡಿಯಲ್ಲಿ, ಇಪ್ಪತ್ತನೇ ವಯಸ್ಸಿಗೆ.

ಮೇಸ್ತ್ರಿಯೂ ಅವರ ಅಣ್ಣನೂ ಒಂದೇ ವಾರ ಯುದ್ಧಕ್ಕೆ ಹೋದರು. ಅಣ್ಣ ಎರಡನೇ ತಿಂಗಳಲ್ಲೇ ಸತ್ತ. ಸುದ್ದಿ ಬಂದ ದಿನ ಇವರ ಅಪ್ಪನೇ ಮರ ಹೆರೆದು, 'ಬಡಗಿಯ ಮಗ' ಎಂದು ಕೆತ್ತಿ, ಹಲಗೆಯ ಬಲಗಡೆ ಕೂರಿಸಿ ಬಂದರು. ಒಂದೂವರೆ ವರ್ಷದ ಮೇಲೆ ತಮ್ಮ ತಿರುಗಿ ಬಂದ. ಆಗ ಮನೆಯ ಯಜಮಾನರು ನನ್ನ ಅಜ್ಜ, ಎಂದರೆ ಅತ್ತೆಯ ಅಪ್ಪ. ಅವರು ಹಲಗೆ ನೋಡಿ, 'ಬಡಗಿಯ ಮಗನದು ಆಗಲೇ ಇದೆಯಲ್ಲ' ಎಂದರಂತೆ. ಮಾತು ಅಲ್ಲಿಗೆ ಮುಗಿಯಿತು. ಅಂದಿನಿಂದ ಐವತ್ತೆರಡು ಹಾಜರಿ ಆಗಿದೆ. ಮೇಸ್ತ್ರಿ ಅಷ್ಟಕ್ಕೂ ಬಾಗಿಲ ಹತ್ತಿರ ನಿಂತಿದ್ದಾರೆ.

"ಇಷ್ಟು ವರ್ಷ ಯಾಕೆ ಸುಮ್ನಿದ್ರಿ ಮೇಸ್ತ್ರಿ?" ಎಂದೆ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.

ಅವರು ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲು ಸೇರುವ ಸಂದಿಗೆ ಅಂಟು ಸವರುತ್ತಿದ್ದರು. "ಬಂದಿಲ್ಲ ಅಂತಿದ್ರು. ಅಣ್ಣ ಬಂದಿಲ್ಲ, ನಿಜಾನೇ ಅಲ್ವಾ? ಏನಂತ ಎದುರು ಮಾತಾಡ್ಲಿ? ಕೂರೋಕೆ ಬೇರೆಯವ್ರು ಇದ್ರು. ಡ್ರೈವರಣ್ಣ ಕೂತಿದ್ದಾಗ ನಾನೇ ಕೂತಂಗಿರ್ತಿತ್ತು." ಕಾಲನ್ನು ಒತ್ತಿ ಹಿಡಿದುಕೊಂಡರು. "ಈ ಸಲ ಎಲ್ಲಿಂದಲೋ ಯಾರನ್ನೋ ಕರೆಸ್ತಿದಾರಂತೆ. ಬದುಕಿರೋ ನಾನು ಆ ಪುಣ್ಯಾತ್ಮನಿಗೆ ಕುರ್ಚಿ ರೆಡಿ ಮಾಡ್ತಿದ್ದೀನಿ."

"ನಿಮಗೆ ಅಲ್ಲಿ ಕೂರಬೇಕಾ?"

ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು.

"ಕೂರಬೇಕು," ಎಂದರು. "ಒಂದೇ ಸಲ. ನನ್ನ ಹಾಜರಿ ಕೂಗಬೇಕು, ನಾನು ಬಂದಿದ್ದೀನಿ ಅನ್ನಬೇಕು, ಆಮೇಲೆ ಕೂರಬೇಕು. ಆದ್ರೆ ಅಣ್ಣ ಇರೋ ಜಾಗದಿಂದ ಕದಲಬಾರ್ದು. ಅಷ್ಟು ಮಾಡಿಸ್ಕೊಡ್ತೀಯಾ ಪುಟ್ಟಮ್ಮ?"

ಆಗಲಿ ಎಂದುಬಿಟ್ಟೆ. ಮಾತು ಕೊಡುವುದರಲ್ಲಿ ನನ್ನದು ಯಾವಾಗಲೂ ಧಾರಾಳ ಕೈ.

ಮಾರನೆಯ ಬೆಳಿಗ್ಗೆ ಅತ್ತೆ ಟೀ ಕುಡಿಯುವಾಗ ಹೋಗಿ ಕೂತೆ. ಟೀ ಕುಡಿಯುವಾಗ ಅವರು ಸ್ವಲ್ಪ ಮನುಷ್ಯರಂತಿರುತ್ತಾರೆ.

"ಹೊಸ ಪಟ್ಟಿ ಮಾಡಿಸೋಣ. ಮೇಸ್ತ್ರಿಗೆ ಅರ್ಧ ಗಂಟೆ ಕೆಲಸ. ಎಡಗಡೆ ಕೆಳಗೆ ಜಾಗ ಇದೆ."

"ನಂಬರು ಇಪ್ಪತ್ತೆರಡು," ಎಂದರು ಅತ್ತೆ. ಇಲಾಖೆಯ ದಾಖಲೆ ಅವರಿಗೆ ಬಾಯಿಪಾಠ. "ಹಲಗೆ ಒಂದು, ಪಟ್ಟಿ ಹದಿನೇಳು. ಹದಿನೆಂಟಾದ್ರೆ ಅವ್ರು ಬಂದು ಕೇಳ್ತಾರೆ. ಯಾರು ಉತ್ತರ ಕೊಡೋದು?"

"ನಾನು ಕೊಡ್ತೀನಿ."

"ನೀನು ಕೊಡೋ ಉತ್ತರಾನೇ ನನಗೆ ಭಯ."

"ಸರಿ, ಪಟ್ಟಿ ಬೇಡ. ಒಂದು ಚೀಟೀಲಿ ಬರ್ಕೊಂಡು ಓದಿಬಿಡಿ."

"ಹಲಗೇಲಿ ಇಲ್ದೇ ಇರೋದನ್ನ ಈ ಮನೇಲಿ ಯಾರೂ ಓದಿಲ್ಲ."

"ಇಬ್ಬರು ಹೋಗಿದ್ದು ನಿಮಗೆ ನೆನಪಿಲ್ವಾ ಅತ್ತೆ?"

ಅತ್ತೆ ಕಪ್ಪನ್ನು ಕೆಳಗಿಟ್ಟರು. "ನೆನಪಿಲ್ದೇ ಏನು? ನನಗೆ ಆಗ ಇಪ್ಪತ್ತೈದು. ಗೇಟಿನ ತನಕ ಹೋಗಿ ಕಳಿಸಿಬಂದೋಳು ನಾನೇ. ದೊಡ್ಡೋನು ತಿರುಗಿ ನೋಡಿದ, ಚಿಕ್ಕೋನು ನೋಡ್ಲಿಲ್ಲ."

"ಮತ್ತೆ?"

"ಮತ್ತೇನು ಮತ್ತೆ! ನಮ್ಮಪ್ಪ ಒಂದು ಸಾಕು ಅಂದ್ರು. ನಮ್ಮಪ್ಪ ಮಾಡಿದ್ದನ್ನ ನಾನು ಈಗ ಕೂತು ತಿದ್ದಬೇಕಾ? ಹೋಗು, ಹತ್ತು ಗಂಟೆಗೆ ಸ್ಕೂಲ್ ಮಕ್ಕಳು ಬರ್ತಾರೆ."

ಆ ದಿನ ನಲವತ್ತು ಮಕ್ಕಳಿಗೆ ಮುತ್ತಜ್ಜನ ಬೂಟು ತೋರಿಸಿದೆ. ಒಬ್ಬಳು ಅದು ಇಷ್ಟು ಚಿಕ್ಕದು ಯಾಕೆ ಎಂದು ಕೇಳಿದಳು. ನನಗೂ ಅದೇ ಅನುಮಾನ.

ಸಂಜೆ ಅತ್ತೆ ತಾವಾಗಿಯೇ ನನ್ನನ್ನೂ ಮೇಸ್ತ್ರಿಯನ್ನೂ ಹಜಾರಕ್ಕೆ ಕರೆಸಿದರು. ಮುಖ ಅರಳಿತ್ತು. ಅವರ ಮುಖ ಅರಳಿದರೆ ನಾನು ಹುಷಾರಾಗುತ್ತೇನೆ.

"ಎಷ್ಟು ಸುಲಭ ನೋಡು," ಎಂದರು. "ಆ ಪಟ್ಟೀನ ಬಲಗಡೆಯಿಂದ ಎಳೆದು ಎಡಗಡೆ ಹಾಕೋದು. ಹದಿನೇಳು ಹದಿನೇಳೇ ಇರತ್ತೆ. ಇಲಾಖೆಯವ್ರೂ ಮಾತಾಡೋಹಾಗಿಲ್ಲ, ನೀನೂ ಕುರ್ಚೀಲಿ ಕೂರಬಹುದು ಮೇಸ್ತ್ರಿ. ಹಾಕು, ಏಣಿ ತಾ."

ಮೇಸ್ತ್ರಿ ಏಣಿ ತರಲಿಲ್ಲ. "ಆಗಲ್ಲ ಅಮ್ಮಾ."

"ಏನಾಗಲ್ಲ? ಗಟ್ಟಿಯಾಗಿ ಕೂತಿದೆಯಾ?"

"ಅದು ನಮ್ಮಪ್ಪ ಅಣ್ಣನಿಗೆ ಅಂತ ಕೆತ್ತಿದ್ದು. ಅವನನ್ನ ಎಬ್ಬಿಸಿ ನಾನು ಕೂರೋದಾ?"

"ಅಯ್ಯೋ ಮಾರಾಯ, ಮರದ ತುಂಡು ಕಣೋ ಅದು!"

"ಮರ ಅಂತ ನನಗೆ ಗೊತ್ತಿಲ್ವಾ ಅಮ್ಮಾ," ಎಂದರು ಮೇಸ್ತ್ರಿ.

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕರು. ಅತ್ತೆ ಅವರನ್ನು ಸುಟ್ಟುಬಿಡುವ ಹಾಗೆ ನೋಡಿ, ಮತ್ತೆ ಮೇಸ್ತ್ರಿಯ ಕಡೆ ತಿರುಗಿದರು. "ಬೇಕು ಅಂತೀಯ, ಕೊಟ್ರೆ ಬೇಡ ಅಂತೀಯ. ನಿನಗೋಸ್ಕರ ನಾನು ಊಟ ಬಿಟ್ಟು ಯೋಚನೆ ಮಾಡಿದ್ದೀನಿ!"

"ನೀವು ಯಾಕೆ ಊಟ ಬಿಡೋಕೆ ಹೋದ್ರಿ? ಒಂದು ಸಣ್ಣ ಪಟ್ಟಿ ಅಷ್ಟೇ ಅಮ್ಮಾ. ನನ್ನ ಹತ್ರ ಮರ ಇದೆ."

"ಹದಿನೇಳು!" ಎಂದರು ಅತ್ತೆ. ಆ ಸಂಖ್ಯೆಯನ್ನು ಅವರು ಗೋಡೆಗೆ ಹೊಡೆದ ಹಾಗೆ ಹೇಳಿ ಒಳಗೆ ಹೋದರು.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಒಬ್ಬರಿಗೆ ಹದಿನೇಳು ಹದಿನೆಂಟಾಗಬಾರದು. ಇನ್ನೊಬ್ಬರಿಗೆ ಸತ್ತವನು ಅರ್ಧ ಮೊಳ ಪಕ್ಕಕ್ಕೆ ಸರಿಯಬಾರದು. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರಿಗೂ ನಾನು ಪುಟ್ಟಿಯೇ.

"ಕ್ಷಮಿಸಿ ಮೇಸ್ತ್ರಿ," ಎಂದೆ. "ನನ್ನ ಕೈಲಿ ಆಗ್ಲಿಲ್ಲ."

"ನೀನು ಬಿಟ್ಟುಬಿಡು," ಎಂದು ಅವರು ಹಲಗೆಯ ಕಡೆಯೇ ನೋಡುತ್ತ ನಿಂತರು.

ಸಮಾರಂಭದ ದಿನ ಹನ್ನೊಂದು ಗಂಟೆಗೆ ಹಜಾರ ತುಂಬಿತ್ತು. ಅಕ್ಕಪಕ್ಕದ ಬೀದಿಯವರು, ಎಸ್ಟೇಟಿನಲ್ಲಿ ಹಿಂದೆ ಕೆಲಸ ಮಾಡಿದವರ ಮನೆಯವರು, ಇಲಾಖೆಯಿಂದ ಒಬ್ಬ ಗುಮಾಸ್ತ. ಕಿಟಕಿಗಳು ಪಾರಂಪರಿಕವಾದ್ದರಿಂದ ತೆರೆಯುವುದಿಲ್ಲ. ನೂರಿಪ್ಪತ್ತು ಜನ ಒಬ್ಬರ ಬೆವರನ್ನು ಒಬ್ಬರು ಮೂಸುತ್ತ ನಿಂತಿದ್ದರು. ಕರ್ನಲ್ ಮುಂದಿನ ಸಾಲಿನಲ್ಲಿ, ಕುರ್ಚಿಯ ಪಕ್ಕ, ಕೋಟಿನ ಮೇಲೆ ಪದಕಗಳನ್ನು ಹಾಕಿಕೊಂಡು ನಿಂತಿದ್ದರು. ಕೂರಲು ಅವರಿಗೂ ಅಪ್ಪಣೆಯಿಲ್ಲ.

ಮೇಸ್ತ್ರಿ ಬಾಗಿಲ ಹತ್ತಿರ ಇರಲಿಲ್ಲ. ಗೋಡೆ ಬದಿಯಲ್ಲಿ, ಮುಂದಿನಿಂದ ಮೂರನೇ ಸಾಲಿನಲ್ಲಿ ನಿಂತಿದ್ದರು. ಅಂಗಿ ಇಸ್ತ್ರಿಯಾಗಿತ್ತು.

ಅತ್ತೆ ಮೈಕಿನ ಮುಂದೆ ಬಂದರು. ಎಡಗಡೆ ಓದಲು ಏನೂ ಇಲ್ಲ. ಆದರೂ ಒಂಬತ್ತು ಬೋಳು ಪಟ್ಟಿಗಳ ಮೇಲೆ ಒಂದೊಂದರಂತೆ ಕಣ್ಣಾಡಿಸಿದರು. ಆಮೇಲೆ ಬಲಗಡೆ.

"ಲಾಯದ ಎರಡನೆಯವನು."

"ಬಂದಿಲ್ಲ," ಎಂದರು ಚಿಕ್ಕಪ್ಪ.

"ತೋಟದವನ ಅಳಿಯ."

"ಬಂದಿಲ್ಲ."

"ಬಟ್ಟೆ ಒಗೆಯುವವಳ ಮಗ."

"ಬಂದಿಲ್ಲ."

"ಬಡಗಿಯ ಮಗ."

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಗೋಡೆ ಬದಿಯಿಂದ ದನಿ ಬಂತು. "ಒಬ್ಬ ಬಂದಿಲ್ಲ. ಒಬ್ಬ ಬಂದಿದ್ದೀನಿ."

ಜನ ತಿರುಗಿ ನೋಡಿದರು. ಅತ್ತೆ ತಿರುಗಲಿಲ್ಲ.

"ಒಂದು ಪಟ್ಟಿಗೆ ಒಂದು ಉತ್ತರ," ಎಂದರು, ಹಲಗೆಗೆ ಹೇಳುವ ಹಾಗೆ. "ತಪ್ಪಾಯ್ತು. ಮೊದಲಿಂದ."

ಲಾಯದ ಎರಡನೆಯವನು ಬಂದಿಲ್ಲ. ತೋಟದವನ ಅಳಿಯ ಬಂದಿಲ್ಲ. ಬಟ್ಟೆ ಒಗೆಯುವವಳ ಮಗ ಬಂದಿಲ್ಲ. ಬಡಗಿಯ ಮಗ.

"ಒಬ್ಬ ಬಂದಿಲ್ಲ. ಒಬ್ಬ ಬಂದಿದ್ದೀನಿ."

"ಮೊದಲಿಂದ!"

ಹಿಂದಿನ ಸಾಲಿನಲ್ಲಿ ಯಾರೋ ಉಸ್ಸೆಂದರು. ಒಬ್ಬಾಕೆ ತನ್ನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಚಿಕ್ಕಪ್ಪ ನನ್ನ ಕಿವಿಯಲ್ಲಿ, "ಇವರಿಬ್ರೂ ಮಾತಾಡ್ಕೊಂಡು ಮುಗಿಸೋಷ್ಟರಲ್ಲಿ ನನ್ನ ಪಟ್ಟೀನೂ ತಿರುಗಿಸಬೇಕಾಗತ್ತೆ," ಎಂದರು. ನಾನು ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ, "ಸಾಕು ಅತ್ತೆ, ಬಿಟ್ಟುಬಿಡಿ," ಎಂದೆ. ಮೈಕಿನಲ್ಲಿ ಅದು ಎಲ್ಲರಿಗೂ ಕೇಳಿಸಿತು. ಅತ್ತೆ ನನ್ನನ್ನು ಮೊಣಕೈಯಿಂದ ದೂಡಿದರು.

ಅತ್ತೆ ಮೂರನೇ ಸಲ ಓದತೊಡಗಿದರು. ಎಪ್ಪತ್ತೆಂಟು ವರ್ಷದ ಮಂಡಿಗಳ ಮೇಲೆ, ಜನರನ್ನು ಬರಮಾಡಿಕೊಂಡಾಗಿನಿಂದ ಮುಕ್ಕಾಲು ಗಂಟೆ ನಿಂತೇ ಇದ್ದರು. ಒಂದು ಕೈ ಮೈಕಿನ ಕಂಬವನ್ನು ಹಿಡಿದಿತ್ತು. ಮೇಸ್ತ್ರಿಯ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. 'ಬಡಗಿಯ ಮಗ' ಎಂದು ಅತ್ತೆ ಓದಿದಾಗ ಅವರು ಅದೇ ಮಾತನ್ನು, ಅದೇ ಎತ್ತರದಲ್ಲಿ, ಒಂದು ಅಕ್ಷರವೂ ಆಚೀಚೆ ಇಲ್ಲದಂತೆ ಹೇಳಿದರು. ಜಗಳದ ದನಿ ಅಲ್ಲವೇ ಅಲ್ಲ. ಅಳತೆ ತಪ್ಪಿದ್ದರೆ ತೋರಿಸಿ ಎನ್ನುವವರ ದನಿ.

ಕರ್ನಲ್ ಮೊದಲ ಬಾರಿಗೆ ಬಾಯಿ ಬಿಟ್ಟರು. "ಯಾವ ದಳ?"

ಮೇಸ್ತ್ರಿ ದಳದ ಹೆಸರನ್ನೂ ಒಂದು ಸಂಖ್ಯೆಯನ್ನೂ ಹೇಳಿದರು. ಕರ್ನಲ್ ತಲೆಯಾಡಿಸಿ, ರಿಪೇರಿಯಾದ ಕುರ್ಚಿಯನ್ನು ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಇಲಾಖೆಯ ಗುಮಾಸ್ತ ಕೈಯಲ್ಲಿದ್ದ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಅವನಿಗೆ ಪಟ್ಟಿ ಹದಿನೇಳೋ ಹದಿನೆಂಟೋ ಎಂಬ ಚಿಂತೆ ಇದ್ದಂತೆ ಕಾಣಲಿಲ್ಲ.

ಅತ್ತೆ 'ಮೊದಲಿಂದ' ಎನ್ನಲು ಉಸಿರೆಳೆದುಕೊಂಡರು. ಎನ್ನಲಿಲ್ಲ. ಮೈಕಿಗೆ ಬೆನ್ನು ಹಾಕಿ ಮೇಸ್ತ್ರಿಯ ಕಡೆ ತಿರುಗಿದರು.

"ದೊಡ್ಡೋನ ಹೆಸರೇನೋ?"

"ಏನಮ್ಮಾ?"

"ಕಿವೀನೂ ಹೋಯ್ತಾ ನಿನಗೆ? ಗೇಟಲ್ಲಿ ತಿರುಗಿ ನೋಡಿದ್ನಲ್ಲ, ನಿಮ್ಮಣ್ಣ, ಅವನ ಹೆಸರು ಕೇಳ್ತಿದ್ದೀನಿ."

ಮೇಸ್ತ್ರಿ ಹೇಳಿದರು. ತೀರ ಸಾಧಾರಣ ಹೆಸರು. ನಮ್ಮ ಬೀದಿಯೊಂದರಲ್ಲೇ ಆ ಹೆಸರಿನವರು ನಾಲ್ಕು ಜನ ಇದ್ದಾರೆ. ಅತ್ತೆ ಮೈಕಿಗೆ ಬಂದು ಅದನ್ನೇ ಕೂಗಿದರು. ಆ ಹಜಾರದಲ್ಲಿ ನಮ್ಮ ಮನೆಯವರದಲ್ಲದ ಹೆಸರನ್ನು ಮೈಕಿನಲ್ಲಿ ನಾನು ಕೇಳಿದ್ದು ಅದೇ ಮೊದಲು. ಚಿಕ್ಕಪ್ಪನಿಗೆ ಉತ್ತರ ಹೇಳುವುದು ಮರೆತುಹೋಯಿತು. ಮೇಸ್ತ್ರಿಯೇ, "ಬಂದಿಲ್ಲ," ಎಂದರು.

"ನಿಂದು?"

ಅದನ್ನೂ ಹೇಳಿದರು. ಅತ್ತೆ ಅದನ್ನೂ ಕೂಗಿದರು, ಸ್ವಲ್ಪ ಹೆಚ್ಚೇ ಜೋರಾಗಿ.

"ಬಂದಿದ್ದೀನಿ."

"ಕಾಣ್ತಿದೆ. ಕೂತ್ಕೋ ಹೋಗು."

ಮೇಸ್ತ್ರಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು ಕೂತರು. ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡರು. ಕರ್ನಲ್ ಅವರ ಪಕ್ಕದಲ್ಲಿ ನಿಂತೇ ಇದ್ದರು. ಹಲಗೆಯಲ್ಲಿ ಒಂದು ಪಟ್ಟಿಯೂ ಕದಲಿರಲಿಲ್ಲ. ಮುಗಿಯಿತು ಎಂದುಕೊಂಡು ನಾನು ಅಡಿಗೆಮನೆಯ ಕಡೆ ಟೀಗೆ ಸನ್ನೆ ಮಾಡಿದೆ.

ಮುಗಿದಿರಲಿಲ್ಲ. ಬಲಗಡೆ ಇನ್ನೂ ನಾಲ್ಕು ಪಟ್ಟಿ ಉಳಿದಿದ್ದವು.

"ಕಾವಲುಗಾರ," ಎಂದು ಓದಿದರು ಅತ್ತೆ.

"ಬಂ..." ಎಂದರು ಚಿಕ್ಕಪ್ಪ.

"ಸುಮ್ನಿರು. ಇವನ ಹೆಸರೇನು?"

ಚಿಕ್ಕಪ್ಪ ನನ್ನನ್ನು ನೋಡಿದರು. ನಾನು ವಾರಕ್ಕೆ ಆರು ದಿನ ಆ ಹಲಗೆಯ ಮುಂದೆ ನಿಂತು ಮಾತಾಡುವವಳು. ನನಗೆ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಎದ್ದು ನಿಂತು ಒಂದು ಹೆಸರು ಹೇಳಿ ಕೂತರು. ಅತ್ತೆ ಕೂಗಿದರು. ಮುಂದಿನ ಪಟ್ಟಿ 'ಎಸ್ಟೇಟ್ ಗುಮಾಸ್ತನ ತಮ್ಮ'. ಅವನ ಹೆಸರನ್ನೂ ಮೇಸ್ತ್ರಿಯೇ ಹೇಳಿದರು. ಅಡ್ಡಹೆಸರು ಮಾತ್ರ ಗೊತ್ತು, ನಿಜವಾದದ್ದು ಗೊತ್ತಿಲ್ಲ ಎಂದರು. ಅತ್ತೆ ಅಡ್ಡಹೆಸರನ್ನೇ ಕೂಗಿದರು.

"ಹಾಲು ತರುವವನು."

ಆ ಪಟ್ಟಿ ಅತ್ತೆ ಹುಟ್ಟುವುದಕ್ಕಿಂತ ಮುಂಚಿನದು. ಮೇಸ್ತ್ರಿ ತಲೆ ಅಲ್ಲಾಡಿಸಿದರು.

"ಯಾರಿಗಾದ್ರೂ ಗೊತ್ತಾ?" ಅತ್ತೆ ಮೈಕಿನಲ್ಲಿ ಕೇಳಿದರು. "ಹಾಲು ತರುತ್ತಿದ್ದವನ ಮನೆಯವ್ರು ಯಾರಾದ್ರೂ ಇದೀರಾ ಇಲ್ಲಿ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀ ತಟ್ಟೆಗಳು ಬಾಗಿಲಿಗೆ ಬಂದು ನಿಂತವು. ನಾನು ಬೇಡ ಎಂದು ಕೈ ಮಾಡಿದೆ.

"ಅಕ್ಕ, ಮುಂದಿನದು ಓದು," ಎಂದರು ಚಿಕ್ಕಪ್ಪ. "ಜನ ನಿಂತಿದಾರೆ."

"ನಿಲ್ಲಲಿ," ಎಂದರು ಅತ್ತೆ. ಮೈಕಿನ ಕಂಬ ಹಿಡಿದುಕೊಂಡು, ಸಾಲು ಸಾಲಾಗಿ ಒಂದೊಂದೇ ಮುಖ ನೋಡುತ್ತ, ಯಾರಾದರೂ ಹೇಳಲಿ ಎಂದು ಕಾಯತೊಡಗಿದರು.